ಅಟ್ಟಿಕಾದಲ್ಲಿ ಐದು ಬೆರಳು

ಗ್ರೀಸಿಗೆ ಹೋಗಿ ಬಂದೆ ಎಂದ ಕೂಡಲೇ ಎಲ್ಲರೂ ಕೇಳುವುದು, ಗುಡ್ಡದ ಮೇಲಿನ ಆ ಬಿಳಿ ಕಂಬಗಳನ್ನು ನೋಡಿದಿರಾ ಎಂದು. ನೋಡಿದೆ. ಬಸ್ಸಿನ ಕಿಟಕಿಯಿಂದ, ಅದೂ ಎದುರಿನ ಸೀಟಿನವನ ತಲೆ ಸ್ವಲ್ಪ ಆಚೆ ಸರಿದಾಗ. ನಾನು ಹೋದದ್ದು ಕಂಬ ನೋಡಲಿಕ್ಕಲ್ಲ, ವೋಟು ಕೇಳಲಿಕ್ಕೆ.

ವೋಟಿಗೆ ನಿಂತವಳು ಮಮತಾ, ನನ್ನ ತಂಗಿ ವಿಮಲಳ ಮಗಳು. ಶಿರ್ತಾಡಿಯಲ್ಲಿ ಹುಟ್ಟಿ, ಮೂಡುಬಿದಿರೆಯಲ್ಲಿ ಓದಿ, ದುಬೈಯ ಹೋಟೆಲೊಂದರ ರಿಸೆಪ್ಶನ್ನಿನಲ್ಲಿ ಕೆಲಸಕ್ಕೆ ಸೇರಿದಳು. ಆ ಹೋಟೆಲಿನ ಅಡುಗೆಮನೆಯಲ್ಲಿದ್ದ ಸ್ಟಾವ್ರೋಸ್ ಎಂಬ ಗ್ರೀಕ್ ಹುಡುಗ ಇವಳಿಗೆ ದಿನಾ ಒಂದು ಪ್ಲೇಟು ಸ್ವೀಟು ಕಳಿಸಿ ಕಳಿಸಿ ಕೊನೆಗೆ ಮದುವೆಯೇ ಆದ. ಈಗ ಇಬ್ಬರೂ ಅಥೆನ್ಸಿನ ಆಚೆ ಒಂದು ಚಿಕ್ಕ ಪಟ್ಟಣದಲ್ಲಿ ಗೆಸ್ಟ್‌ಹೌಸ್ ನಡೆಸುತ್ತಾರೆ. ಪಟ್ಟಣದ ಹೆಸರು ಹೇಳುವುದಿಲ್ಲ. ಎಲೆಕ್ಷನ್ನಿನ ವಿಷಯ, ಯಾರಿಗೆ ಯಾಕೆ ಬೇಸರ. ಅವಳಿಗೆ ಅಲ್ಲಿಯ ಪೌರತ್ವ ಸಿಕ್ಕಿ ಕೆಲವು ವರ್ಷ ಆಗಿದೆ. ಈ ಸಲ ಪುರಸಭೆಗೆ ಕ್ಯಾಂಡಿಡೇಟ್ ಆಗಿ ನಿಂತೇಬಿಟ್ಟಳು.

"ದೊಡ್ಡಮ್ಮಾ, ಇಲ್ಲಿ ಕ್ಯಾಂಡಿಡೇಟಿನ ಬದಿಯಲ್ಲಿ ಮನೆಯವರೆಲ್ಲ ನಿಲ್ಲುದು ಕ್ರಮ," ಎಂದಳು ಫೋನಿನಲ್ಲಿ. "ನನ್ನ ಬದಿಯಲ್ಲಿ ನಿಲ್ಲಲಿಕ್ಕೆ ನಮ್ಮವರು ಅಂತ ಒಬ್ರೂ ಇಲ್ಲ. ಅಮ್ಮ ಇದ್ದಿದ್ರೆ ಅವರನ್ನೇ ಕರೀತಿದ್ದೆ."

ವಿಮಲ ಹೋಗಿ ಎರಡು ಮಳೆಗಾಲ ಕಳೆದಿದೆ. ಮಗಳ ಮನೆ ನೋಡಬೇಕೆಂದು ಪಾಸ್‌ಪೋರ್ಟ್ ಮಾಡಿಸಿಟ್ಟಿದ್ದಳು, ಪಾಪ. ಅದರ ಒಂದು ಪುಟಕ್ಕೂ ಸೀಲು ಬೀಳಲಿಲ್ಲ. ನನ್ನ ಮೊಣಕಾಲು ಬೇಡ ಎಂದಿತು. ನಾನು ಹೋಗುತ್ತೇನೆ ಎಂದೆ.

ಮೂರು ಕಡೆ ನೀರು

ಕಾನ್ವೆಂಟಿನಲ್ಲಿ ನಮಗೆ ಜಿಯಾಗ್ರಫಿ ಕಲಿಸಿದವರು ಸಿಸ್ಟರ್ ಬೆನೆಡಿಕ್ಟಾ. "ಗರ್ಲ್ಸ್, ಪೆನಿನ್ಸುಲಾ ಎಂದರೆ ಮೂರು ಕಡೆ ನೀರು, ಒಂದು ಕಡೆ ನೆಂಟಸ್ತಿಕೆ" ಎನ್ನುತ್ತಿದ್ದರು. ವಿಮಾನ ಇಳಿಯುವಾಗ ಕಿಟಕಿಯಲ್ಲಿ ಕಂಡದ್ದು ಅದೇ. ಅಟ್ಟಿಕಾ ಎಂದರೆ ಅಥೆನ್ಸನ್ನು ಮಡಿಲಲ್ಲಿ ಇಟ್ಟುಕೊಂಡ ಪ್ರಾಂತ್ಯ. ಸಮುದ್ರಕ್ಕೆ ಚಾಚಿದ ಬೆರಳಿನ ಹಾಗೆ ಉಂಟು. ರಾಜಧಾನಿಯ ಸುತ್ತ ಬೋಳು ಬೆಟ್ಟಗಳು. ಹಿಮೆಟ್ಟಸ್ ಎಂಬ ಒಂದು ಬೆಟ್ಟ ಸಂಜೆಯ ಹೊತ್ತಿಗೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ನಾನು ಮೊದಲ ದಿನ ಕನ್ನಡಕ ಒರೆಸಿಕೊಂಡೆ. ಅದರ ಈಚೆ ಬದಿಯ ಬಯಲಿಗೆ ಮೆಸೋಗಿಯಾ ಎನ್ನುತ್ತಾರೆ, ನಡುನಾಡು ಎಂದ ಹಾಗೆ. ಮಮತಾಳ ಊರು ಅಲ್ಲಿ.

ಒಂದು ಕಾಲಕ್ಕೆ ಅಲ್ಲಿ ಬರೀ ದ್ರಾಕ್ಷಿ ಮತ್ತು ಆಲಿವ್ ಇತ್ತಂತೆ. ವಿಮಾನ ನಿಲ್ದಾಣ ಬಂದ ಮೇಲೆ ಗೋದಾಮು, ಶೋರೂಮು, ಅಗಲದ ರಸ್ತೆ. ದ್ರಾಕ್ಷಿ ಬೆಳೆಯುತ್ತಿದ್ದವರ ಮಕ್ಕಳು ಈಗ ಯೂನಿಫಾರ್ಮ್ ಹಾಕಿ ಶಿಫ್ಟಿಗೆ ಹೋಗುತ್ತಾರೆ. ಮಮತಾಳ ಗೆಸ್ಟ್‌ಹೌಸಿಗೆ ಬರುವವರೂ ಬೆಳಗಿನ ವಿಮಾನ ಹಿಡಿಯುವವರೇ. ಸೂಟ್‌ಕೇಸಿನ ಮೇಲೆ ಒಂದು ಕೈ ಇಟ್ಟುಕೊಂಡೇ ಅವರು ಅವಳ ನೀರುದೋಸೆ ತಿನ್ನುತ್ತಾರೆ.

ಮನೆಯಲ್ಲಿ ಸ್ಟಾವ್ರೋಸನ ತಾಯಿ ಎವ್ಡೋಕಿಯಾ ಇದ್ದಳು. ನನ್ನ ಪ್ರಾಯದವಳೇ. ಕಪ್ಪು ಡ್ರೆಸ್ಸು, ಅದರ ಮೇಲೆ ಹೂವಿನ ಏಪ್ರನ್ನು. ಅವಳಿಗೆ ಇಂಗ್ಲಿಷ್ ಇಲ್ಲ, ನನಗೆ ಗ್ರೀಕ್ ಇಲ್ಲ. ಬಂದ ದಿನವೇ ನನ್ನ ಕೆನ್ನೆ ಹಿಂಡಿ, ಎದುರು ಕೂರಿಸಿ, ಪಾಲಕ್ ತುಂಬಿದ ಪಪ್ಸಿನಂಥದ್ದನ್ನು ತಿನ್ನಿಸಿದಳು. ಸಾಕು ಎಂದು ತಲೆ ಅಲ್ಲಾಡಿಸಿದೆ. ನಮ್ಮ ತಲೆ ಅಲ್ಲಾಡುವ ರೀತಿ ಅವರಿಗೆ ಸಾಕೋ ಬೇಕೋ ತಿಳಿಯದು. ಇನ್ನೊಂದು ಬಡಿಸಿದಳು. ಐ ಸೇ, ಹೊಟ್ಟೆ ಎರಡು ದಿನ ಮಾತಾಡಲಿಲ್ಲ.

ಕಾಲಡಿಯ ಹೊಳೆ

ಮರುದಿನ ಮಮತಾ ಊರು ತೋರಿಸಿದಳು. ಚರ್ಚು, ಚೌಕ, ಕಾಫಿ ಅಂಗಡಿಗಳು. ನೇತ್ರಾವತಿಯ ಬದಿಯಲ್ಲಿ ಬೆಳೆದವಳು ನಾನು. ಊರು ಎಂದರೆ ಹೊಳೆ ಎಲ್ಲಿ ಎಂದು ಮೊದಲು ಹುಡುಕುತ್ತೇನೆ.

"ಇಲ್ಲಿ ಹೊಳೆ ಇಲ್ವಾ?"

"ನೀವು ನಿಂತದ್ದೇ ಹೊಳೆಯ ಮೇಲೆ, ದೊಡ್ಡಮ್ಮ."

ಕೆಳಗೆ ನೋಡಿದೆ. ಡಾಮರು ರಸ್ತೆ, ಪಾರ್ಕು ಮಾಡಿದ ಕಾರುಗಳು.

ಅಟ್ಟಿಕಾದ ಹೊಳೆಗಳೆಲ್ಲ ಹೀಗೇ ಅಂತೆ. ಬೇಸಿಗೆಯಲ್ಲಿ ಒಣಗಿಯೇ ಇರುತ್ತವೆ, ಹಾಗಾಗಿ ಮುಚ್ಚಿ ರಸ್ತೆ ಮಾಡಿದರು. ದೇಶದ ಮೂರರಲ್ಲೊಂದು ಪಾಲು ಜನ ಈ ಒಂದೇ ಪ್ರಾಂತ್ಯದಲ್ಲಿ ಬಂದು ತುಂಬಿದ್ದಾರೆ, ಅವರಿಗೆ ಜಾಗ ಎಲ್ಲಿಂದ? ಆದರೆ ಮಳೆ ಒಮ್ಮೆ ಜೋರು ಬಂದರೆ ಹೊಳೆಗೆ ಹಳೆಯ ದಾರಿ ನೆನಪಾಗುತ್ತದೆ. ಕಳೆದ ಸಲ ಮಮತಾಳ ಗೆಸ್ಟ್‌ಹೌಸಿನ ಕೆಳಗಿನ ಅಂತಸ್ತಿನಲ್ಲಿ ಸೊಂಟದ ವರೆಗೆ ಕೆಸರು ನೀರು ನಿಂತಿತ್ತು. ಎವ್ಡೋಕಿಯಾಳ ಮದುವೆಯ ಫೋಟೋಗಳೆಲ್ಲ ಹೋದವು. ಮಮತಾ ಚುನಾವಣೆಗೆ ನಿಂತದ್ದು ಅದಕ್ಕೇ. ಮೇಲಿನ ಬದಿಯಲ್ಲಿ ಹೊಳೆ ಇನ್ನೂ ತೆರೆದಿರುವ ಕಡೆ ಕಸ ತೆಗೆಸಬೇಕು, ಅಲ್ಲಿ ಮತ್ತೆ ಕಾಂಕ್ರೀಟು ಹಾಕಲು ಬಿಡಬಾರದು, ಇಷ್ಟೇ ಅವಳ ಮಾತು.

"ಅದಕ್ಕೆ ಯಾರಿಗೆ ಅರ್ಜಿ ಕೊಡುದು?" ಎಂದೆ.

"ಅಲ್ಲೇ ಇರುದು ತಮಾಷೆ. ಪುರಸಭೆಗೆ ಹೋದ್ರೆ ಇದು ಪ್ರಾಂತ್ಯದ್ದು ಅಂತಾರೆ. ಪ್ರಾಂತ್ಯಕ್ಕೊಬ್ಬರು ಗವರ್ನರ್ ಇದ್ದಾರೆ, ಅವರನ್ನೂ ಜನವೇ ವೋಟು ಹಾಕಿ ಆರಿಸುದು. ಅವರ ಆಫೀಸಿಗೆ ಹೋದ್ರೆ ಮಿನಿಸ್ಟ್ರಿ ಅಂತಾರೆ. ನಡುವಲ್ಲಿ ಸರಕಾರವೇ ಕೂರಿಸಿದ ಇನ್ನೊಬ್ಬ ಅಧಿಕಾರಿ, ನಮ್ಮ ಡಿ.ಸಿ. ಹಾಗೆ. ಅವರು ಫೈಲು ಕೆಳಗೆ ಕಳಿಸ್ತಾರೆ, ವಾಪಸು ಪುರಸಭೆಗೆ."

ಇಷ್ಟು ದೂರ ವಿಮಾನದಲ್ಲಿ ಬಂದು ನಾನಿರುವ ಬಿ.ಸಿ. ರೋಡಿನ ಆಫೀಸುಗಳ ಮಾತೇ ಕೇಳಿದ ಹಾಗಾಯಿತು. ಮನಸ್ಸಿಗೆ ತುಂಬ ಹಾಯೆನಿಸಿತು.

ಪಿರಿಯಾಸ್

ಒಂದು ದಿನ ಒಬ್ಬಳೇ ಬಂದರು ನೋಡಿ ಬರುತ್ತೇನೆ ಎಂದು ಹೊರಟೆ. ಸ್ಟಾಪಿನಲ್ಲಿ ಬಸ್ಸು ಬಂತು. ಬಿ.ಸಿ. ರೋಡಿನ ಕ್ರಮದಲ್ಲಿ ಐದು ಬೆರಳು ಅರಳಿಸಿ ಅಂಗೈಯನ್ನು ಡ್ರೈವರನ ಮುಖಕ್ಕೇ ಹಿಡಿದೆ. ಅವನು ನಿಲ್ಲಿಸಿ, ಬಾಗಿಲು ತೆರೆದು, ನನಗೆ ಒಂದು ಉದ್ದದ ಭಾಷಣ ಕೊಟ್ಟು, ಬಾಗಿಲು ಮುಚ್ಚಿ ಹೊರಟೇಹೋದ. ಸೀಟಿಲ್ಲ ಎಂದು ಇಷ್ಟು ವಿವರವಾಗಿ ಹೇಳುವ ಡ್ರೈವರು ನಮ್ಮಲ್ಲಿ ಎಲ್ಲಿದ್ದಾರೆ ಎಂದುಕೊಂಡೆ. ಮುಂದಿನ ಬಸ್ಸಿಗೆ ನನ್ನ ಎದುರು ಒಬ್ಬಳು ಹುಡುಗಿ ಇದ್ದಳು, ಅವಳೇ ನಿಲ್ಲಿಸಿದಳು.

ಪಿರಿಯಾಸ್ ಬಂದರಿನಲ್ಲಿ ಅಟ್ಟಿಕಾದ ಹೊಟ್ಟೆ ಕಾಣುತ್ತದೆ. ಮನೆಗಳಷ್ಟು ಎತ್ತರದ ಹಡಗುಗಳು, ಬೆಟ್ಟದ ಹಾಗೆ ಪೇರಿಸಿದ ಕಂಟೇನರುಗಳು, ಟೋಪಿ ಹಾಕಿದ ಟೂರಿಸ್ಟರ ಸಾಲು. ಆಚೆ ಬದಿ ಕೊಲ್ಲಿಯಲ್ಲಿ ಎಣ್ಣೆ ಶುದ್ಧ ಮಾಡುವ ಕಾರ್ಖಾನೆಗಳ ಚಿಮಣಿ. ದ್ವೀಪಗಳಿಗೆ ಹೋಗುವ ದೋಣಿಗಳು ನಮ್ಮ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿನ ಬಸ್ಸುಗಳ ಹಾಗೆ ಕೂಗಿ ಕರೆಯುತ್ತಿದ್ದವು. ಬೆಂಚಿನಲ್ಲಿದ್ದ ಒಬ್ಬ ರಿಟೈರ್ಡ್ ನಾವಿಕ ಇಂಗ್ಲಿಷಿನಲ್ಲಿ ವಿವರಿಸಿದ: ಸುತ್ತಲಿನ ದ್ವೀಪಗಳೂ ಅಟ್ಟಿಕಾದ ಆಡಳಿತಕ್ಕೇ ಸೇರಿದ್ದು, ಎಲ್ಲಿಯೋ ದಕ್ಷಿಣದ ತುದಿಯಲ್ಲಿರುವ ಕಿಥಿರಾ ದ್ವೀಪ ಕೂಡ. "ಸಿಲ್ಲಿ, ನೋ?" ಎಂದ.

ಸಿಲ್ಲಿ ಎಂತದ್ದು! ನಾನು ಚಿಕ್ಕವಳಿದ್ದಾಗ ಅರಬ್ಬೀ ಸಮುದ್ರದ ನಡುವಿನ ಅಮಿನ್‌ದಿವಿ ದ್ವೀಪಗಳು ನಮ್ಮ ದಕ್ಷಿಣ ಕನ್ನಡದ ಕಲೆಕ್ಟರರ ಕೈಯಲ್ಲಿದ್ದವು. ಅಲ್ಲಿಂದ ತೆಂಗಿನ ಹುರಿ ಹೊತ್ತು ಮಂಗಳೂರಿಗೆ ಬರುತ್ತಿದ್ದ ಹಾಯಿದೋಣಿಗಳನ್ನು ತೋರಿಸಲು ಅಪ್ಪ ನನ್ನನ್ನೂ ವಿಮಲಳನ್ನೂ ಬಂದರಿನ ಧಕ್ಕೆಗೆ ಕರೆದುಕೊಂಡು ಹೋಗಿದ್ದರು. ವಿಮಲ ದೋಣಿ ಹತ್ತಬೇಕೆಂದು ಅತ್ತಿದ್ದಳು. ಇದನ್ನು ಆ ನಾವಿಕನಿಗೆ ಹೇಳಿದೆ. ಅವನು ನನಗೆ ಒಂದು ಹಿಡಿ ಪಿಸ್ತಾ ಕೊಟ್ಟ. ಹಡಗುಗಳನ್ನು ನೋಡುತ್ತಾ ಇಬ್ಬರೂ ಸಿಪ್ಪೆ ಬಿಡಿಸಿದೆವು. ವಿಮಲಳಿಗೆ ಈ ಜಾಗ ಬಹಳ ಹಿಡಿಸುತ್ತಿತ್ತು.

ಆದಿತ್ಯವಾರ, ಚೌಕದಲ್ಲಿ

ವೋಟಿನ ಹಿಂದಿನ ಆದಿತ್ಯವಾರ, ಚರ್ಚು ಬಿಟ್ಟ ಮೇಲೆ, ಚೌಕದಲ್ಲಿ ಮಮತಾಳ ಬಣದ ಸಭೆ. ನಮ್ಮಲ್ಲಿಯ ಹಾಗೆ ಮೈಕಿನ ಜೀಪಿಲ್ಲ, ಹಾರವಿಲ್ಲ. ಊರಿನವರು ಕಾಫಿ ಕುಡಿಯುತ್ತಾ ಕೂತಿರುತ್ತಾರೆ, ಕ್ಯಾಂಡಿಡೇಟುಗಳು ಒಬ್ಬೊಬ್ಬರಾಗಿ ಮೆಟ್ಟಿಲ ಮೇಲೆ ನಿಂತು ಮಾತಾಡುತ್ತಾರೆ. ಒಂದು ಕಾಫಿಯನ್ನು ಇವರು ಎಷ್ಟು ಹೊತ್ತು ಕುಡಿಯಬಲ್ಲರು ಎಂದರೆ, ನಮ್ಮ ಕಲ್ಲಡ್ಕದ ಹೋಟೆಲಿನವನು ಆಗಿದ್ದರೆ ಕುರ್ಚಿ ಎತ್ತಿಕೊಂಡು ಹೋಗುತ್ತಿದ್ದ.

ನಾನು ವಿಮಲಳ ಹಸಿರು ಸೀರೆ ಉಟ್ಟಿದ್ದೆ. ಮಮತಾ ಹೊಳೆಯ ಬಗ್ಗೆ ಚೆನ್ನಾಗಿ ಮಾತಾಡಿದಳು. ಭಾಷೆ ಗೊತ್ತಾಗದಿದ್ದರೂ ಜನ ಕಾಫಿ ಕೆಳಗಿಟ್ಟು ಕೇಳಿದ್ದು ಕಂಡಿತು. ಕೊನೆಗೆ ಅವಳು, ಇವರು ನನ್ನ ದೊಡ್ಡಮ್ಮ, ಇಂಡಿಯಾದಿಂದ ಬಂದಿದ್ದಾರೆ ಎಂದು ಹೇಳಿ, ಎಲ್ಲರ ಎದುರು ನನ್ನ ಕಾಲು ಮುಟ್ಟಿ ನಮಸ್ಕರಿಸಿದಳು. ಜನ ಚಪ್ಪಾಳೆ ತಟ್ಟಿದರು. ನನ್ನ ಕಣ್ಣು ತುಂಬಿತು. ನಮ್ಮಲ್ಲಿ ಎಲೆಕ್ಷನ್ನಿಗೆ ನಿಂತವರು ಮನೆಗೆ ಬಂದು ಕಾಲು ಹಿಡಿದರೆ ಅಜ್ಜಿಯಂದಿರು ಕೈ ಎತ್ತಿ ಹರಸದೆ ಕಳಿಸುವುದುಂಟೇ? ಮಮತಾಳ ತಲೆ ಮುಟ್ಟಿದೆ. ಅವಳಿಗೆ ವೋಟು ಹಾಕುವ ಇಷ್ಟು ಜನರನ್ನು ಮಾತ್ರ ಯಾಕೆ ಬಿಡಬೇಕು? ಒಂದು ಹೆಜ್ಜೆ ಮುಂದೆ ಬಂದು, ಎರಡೂ ಕೈ ಎತ್ತಿ, ದೇವಿಯ ಅಭಯಹಸ್ತದ ಹಾಗೆ ಹತ್ತೂ ಬೆರಳು ಅರಳಿಸಿ, ಅಂಗೈಗಳನ್ನು ಇಡೀ ಚೌಕಕ್ಕೆ ತೋರಿಸಿ, "ಗಾಡ್ ಬ್ಲೆಸ್ ಯೂ ಆಲ್!" ಎಂದೆ.

ಚಪ್ಪಾಳೆ ನಿಂತಿತು. ಯಾರದೋ ಚಮಚ ತಟ್ಟೆಗೆ ಬಿದ್ದ ಸದ್ದು ಕೇಳಿತು.

ಎದುರಿನ ಮೇಜಿನಲ್ಲಿದ್ದ ದಪ್ಪ ಮೀಸೆಯ ಒಬ್ಬ ಅಜ್ಜ ನಿಧಾನಕ್ಕೆ ಎದ್ದು, ತಾನೂ ಎರಡು ಅಂಗೈ ಅರಳಿಸಿ ನನ್ನ ಕಡೆ ಬಲವಾಗಿ ಚಾಚಿದ. ಆಹಾ, ಆಶೀರ್ವಾದಕ್ಕೆ ಆಶೀರ್ವಾದ ಕೊಡುತ್ತಾರೆ, ಎಂಥ ಸಂಸ್ಕಾರದ ಜನ ಎಂದು ನಾನು ಬಗ್ಗಿ ನಮಸ್ಕಾರ ಮಾಡಿದೆ.

ಆಗ ಮಮತಾಳ ಮುಖ ನೋಡಿದೆ. ಬಣ್ಣವೇ ಇರಲಿಲ್ಲ.

"ಕೈ ಇಳಿಸಿ ದೊಡ್ಡಮ್ಮ, ದಮ್ಮಯ್ಯ!"

ಎವ್ಡೋಕಿಯಾ ತಲೆಯ ಮೇಲೆ ಕೈಯಿಟ್ಟು ಕುರ್ಚಿಯಲ್ಲಿ ಕುಸಿದಿದ್ದಳು.

ಮನೆಗೆ ಹೋಗುವ ದಾರಿಯಲ್ಲಿ ಮಮತಾ ವಿವರಿಸಿದಳು. ಐದು ಬೆರಳು ಅರಳಿಸಿ ಅಂಗೈ ತೋರಿಸುವುದು ಅಲ್ಲಿ ಬೈಗುಳ. ಸಾಮಾನ್ಯ ಬೈಗುಳವೂ ಅಲ್ಲ. ಹಳೇ ಕಾಲದಲ್ಲಿ ಅಪರಾಧಿಗಳ ಮುಖಕ್ಕೆ ಬೂದಿ ಬಳಿದು ಕತ್ತೆಯ ಮೇಲೆ ಮೆರವಣಿಗೆ ಮಾಡುತ್ತಿದ್ದರಂತೆ. ಆ ಬಳಿಯುವ ಕೈ ಇದು. ಒಂದು ಕೈಯಾದರೆ ಜಗಳ. ಎರಡು ಕೈಯೆಂದರೆ, ನೀನೂ ನಿನ್ನ ವಂಶವೂ ಹಾಳಾಗಲಿ ಎಂದ ಹಾಗೆ.

"ನಾನು ಇಡೀ ಊರಿಗೆ..."

"ಇಡೀ ಊರಿಗೆ. ಪಾದ್ರಿಗಳಿಗೆ ಕೂಡ. ಅವರು ಎಡಬದಿಯಲ್ಲಿ ನಿಂತಿದ್ರು."

ಬಸ್ಸಿನ ಡ್ರೈವರನ ಭಾಷಣ ಈಗ ಅರ್ಥವಾಯಿತು. ಮಮತಾಳ ಬಣದ ಮುಖಂಡರು ಫೋನು ಮಾಡಿ, ಇನ್ನು ವೋಟಿನ ವರೆಗೆ ಅವಳು ಎಲ್ಲಿಯೂ ಮಾತಾಡುವುದು ಬೇಡ ಎಂದರು. ಅವಳು ನನಗೆ ಒಂದು ಮಾತೂ ಬಿರುಸಾಗಿ ಹೇಳಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಸಿಂಕಿನ ಎದುರು ನಿಂತು ಒಂದೇ ಲೋಟವನ್ನು ತುಂಬ ಹೊತ್ತು ತೊಳೆದಳು. ವಿಮಲಳೂ ಬೇಸರವಾದರೆ ಹಾಗೆಯೇ ಮಾಡುತ್ತಿದ್ದಳು.

ಎವ್ಡೋಕಿಯಾಳ ಅಡುಗೆಮನೆ

ಎವ್ಡೋಕಿಯಾ ನನ್ನೊಡನೆ ಮಾತು ಬಿಟ್ಟಳು. ಭಾಷೆಯೇ ಇಲ್ಲದ ಇಬ್ಬರ ನಡುವೆ ಮಾತು ಬಿಟ್ಟದ್ದು ಹೇಗೆ ಗೊತ್ತಾಗುತ್ತದೆ ಎಂದರೆ, ಗೊತ್ತಾಗುತ್ತದೆ. ಪಪ್ಸು ಬರಲಿಲ್ಲ.

ಸಂಜೆ ಮಮತಾಳಿಗೆ ತಲೆನೋವು. ಮಲಗಿಬಿಟ್ಟಳು. ಅಷ್ಟು ಜನರ ಕಣ್ಣು ಬಿದ್ದರೆ ಇನ್ನೇನು! ನನ್ನ ಬ್ಯಾಗಿನಲ್ಲಿ ಊರಿನ ಒಣಮೆಣಸು ಇತ್ತು. ಉಪ್ಪು, ಮೆಣಸು ಹಿಡಿದು ಅವಳಿಗೆ ಮೂರು ಸುತ್ತು ನಿವಾಳಿಸಿ, ಎವ್ಡೋಕಿಯಾಳ ಗ್ಯಾಸಿನ ಮೇಲೆ ಬಾಣಲೆಯಿಟ್ಟು ಹಾಕಿದೆ. ಹೊಗೆ ಎದ್ದಿತು. ಕೆಮ್ಮುತ್ತಾ, ಕೂಗುತ್ತಾ ಎವ್ಡೋಕಿಯಾ ಓಡಿ ಬಂದಳು. ಬಾಣಲೆ ನೋಡಿದಳು. ನನ್ನನ್ನು ನೋಡಿದಳು. ನಾನು ಮಮತಾಳ ಕೋಣೆಯ ಕಡೆ ಬೆರಳು ತೋರಿಸಿ, ನನ್ನ ಕಣ್ಣು ಮುಟ್ಟಿ, ಮತ್ತೆ ಕೈಯಲ್ಲಿ ಸುತ್ತು ಹಾಕಿ ತೋರಿಸಿದೆ.

ಅವಳ ಕೂಗು ಅರ್ಧಕ್ಕೆ ನಿಂತಿತು.

ಒಂದು ಬೋಗುಣಿಯಲ್ಲಿ ನೀರು ತಂದಳು. ಬೆರಳಿನಿಂದ ಎಣ್ಣೆಯ ಹನಿ ಬಿಟ್ಟು, ಬಾಯೊಳಗೇ ಏನೋ ಹೇಳಿಕೊಂಡು, ಹನಿ ಹೇಗೆ ಹರಡುತ್ತದೆ ಎಂದು ನೋಡಿದಳು. ನಂತರ ಮಮತಾಳ ಹಾಸಿಗೆಯ ಬಳಿ ಹೋಗಿ, ಆ ನೀರನ್ನು ಹಣೆಗೆ ಹಚ್ಚಿ, ಅವಳ ಮುಖದ ಮೇಲೆಯೇ "ಫ್ತೂ, ಫ್ತೂ, ಫ್ತೂ" ಎಂದು ಮೂರು ಸಲ ಉಗಿದಳು.

ನನಗೆ ರಕ್ತ ಕುದಿಯಿತು. ನನ್ನ ತಂಗಿಯ ಮಗಳಿಗೆ ಉಗಿಯುವುದಾ? ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮ ಅಜ್ಜಿಯ ನೆನಪಾಯಿತು. ಹೊಸ ಲಂಗ ಹಾಕಿ ನಿಂತ ನನಗೂ ವಿಮಲಳಿಗೂ ದೃಷ್ಟಿಯಾಗದಿರಲಿ ಎಂದು ಥೂ, ಥೂ, ಥೂ ಎನ್ನುತ್ತಿದ್ದಳು. ಇದೂ ಅದೇ. ಹರಸಿದ್ದಕ್ಕೆ ಬೈಗುಳವೆನ್ನುವ ಊರಿನಲ್ಲಿ ಉಗಿಯುವುದೇ ಪ್ರೀತಿ.

ನಾನು ಪರ್ಸಿನಿಂದ ದೇವಿಯ ಚಿಕ್ಕ ಫೋಟೋ ತೆಗೆದು ಎವ್ಡೋಕಿಯಾಳ ಕೈಗೆ ಕೊಟ್ಟೆ. ದೇವಿಯ ಅರಳಿದ ಅಂಗೈ ತೋರಿಸಿದೆ. ನನ್ನ ಅಂಗೈ ತೋರಿಸಲು ಹೋಗಿ, ಹೆದರಿ, ನನ್ನ ತಲೆಗೇ ಹಿಡಿದುಕೊಂಡೆ. ಅವಳು ಕನ್ನಡಕ ಹಾಕಿ ಬಹಳ ಹೊತ್ತು ನೋಡಿದಳು. ನಂತರ ನನ್ನ ಕೈ ಹಿಡಿದು ಮೂಲೆಯ ದೀಪದ ಬಳಿ ಕರೆದೊಯ್ದಳು. ಅಲ್ಲಿ ಅವರ ಯೇಸುಸ್ವಾಮಿಯ ಪಟ, ಬಲಗೈ ಎತ್ತಿ ಹರಸುತ್ತಿದ್ದ. ಆದರೆ ಬೆರಳುಗಳು ನಯವಾಗಿ ಮಡಚಿದ್ದವು. ಕಾನ್ವೆಂಟಿನ ಚಾಪೆಲಿನಲ್ಲಿ ಎಷ್ಟು ವರ್ಷ ಪಟ ನೋಡಿದವಳು ನಾನು! ಬೆರಳು ಯಾವತ್ತಾದರೂ ನೋಡಿದೆನೇ?

ಎವ್ಡೋಕಿಯಾ ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ, ಪಟದಲ್ಲಿದ್ದ ಹಾಗೆ ಮಾಡಿ, ಒಮ್ಮೆ ದೂರ ನಿಂತು ನೋಡಿ, ಸರಿ ಎಂದು ಕಣ್ಣು ಮುಚ್ಚಿ ತೆರೆದಳು. ಆಮೇಲೆ ಫೋಟೋವನ್ನು ತನ್ನ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ವಾಪಸು ಕೊಡಲಿಲ್ಲ.

ಬೀದಿಯ ಸಂತೆ

ಯಾಕೆಂದು ಮರುದಿನ ತಿಳಿಯಿತು. ಅಟ್ಟಿಕಾದ ಪ್ರತಿ ಊರಿನಲ್ಲೂ ವಾರಕ್ಕೊಮ್ಮೆ ಒಂದು ಬೀದಿ ಮುಚ್ಚಿ ಸಂತೆ ಹೂಡುತ್ತಾರೆ. ಬೆಳೆದವರೇ ಬಂದು ಮಾರುತ್ತಾರೆ. ಎವ್ಡೋಕಿಯಾ ನನ್ನನ್ನು ಎಳೆದುಕೊಂಡು ಹೋದಳು. ನಾನು ಎರಡೂ ಕೈಗಳನ್ನು ಮುಷ್ಟಿ ಮಾಡಿ ಸ್ವೆಟರಿನ ಜೇಬಿನಲ್ಲಿ ತುರುಕಿದ್ದೆ.

ಟೊಮೆಟೊದವಳಿಗೆ ಫೋಟೋ ತೋರಿಸಿದಳು. ಮೀನಿನವನಿಗೆ ತೋರಿಸಿದಳು. ದೇವಿಯ ಕೈ, ನನ್ನ ತಲೆ, ಆಕಾಶ, ಮಮತಾಳ ಹೆಸರು, ಮತ್ತೆ ದೇವಿಯ ಕೈ. ಚುನಾವಣಾ ಪ್ರಚಾರ ಹೀಗೂ ಮಾಡಬಹುದೆಂದು ನನಗೆ ಗೊತ್ತಿರಲಿಲ್ಲ. ಕೆಲವರು ನಕ್ಕರು. ಒಬ್ಬಳು ಶಿಲುಬೆಯ ಗುರುತು ಮಾಡಿಕೊಂಡಳು. ಒಬ್ಬ ಮುಖ ತಿರುಗಿಸಿದ.

ತುದಿಯಲ್ಲಿ ಆಲಿವ್, ಪಿಸ್ತಾ ಹರಡಿಕೊಂಡು ಕೂತಿದ್ದವನು ಆ ದಪ್ಪ ಮೀಸೆಯ ಅಜ್ಜ. ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದ. ಏನೋ ಕೇಳಿದ. ಎವ್ಡೋಕಿಯಾ ಜೋರಾಗಿ ಉತ್ತರ ಕೊಟ್ಟಳು. ಅವನ ಮೀಸೆ ಮೊದಲು ನಡುಗಿತು, ಆಮೇಲೆ ಹೊಟ್ಟೆ. ನಾನು ಅವನಿಗೆ ಬಗ್ಗಿ ನಮಸ್ಕಾರ ಮಾಡಿದ್ದು ಅವನಿಗೆ ಈಗ ನೆನಪಾಗಿರಬೇಕು. ನಗು ತಡೆಯದೆ ಮೇಜು ಹಿಡಿದುಕೊಂಡ. ನಂತರ ನನ್ನ ಜೇಬಿನ ಕಡೆ ತೋರಿಸಿ, ಕೈ ತೆಗೆ ಎಂದು ಸನ್ನೆ ಮಾಡಿದ. ನಾನು ಮುಷ್ಟಿ ತೆಗೆದೆ. ತೆರೆ ಎಂದ. ಹೆದರಿ ಹೆದರಿ ತೆರೆದೆ. ಅರಳಿದ ಆ ಐದು ಬೆರಳಿನ ನಡುವೆ ಪಿಸ್ತಾ ತುಂಬಿಸಿದ.

"ಅವನ ಮನೆಯಲ್ಲೇ ಎಷ್ಟೋ ವೋಟುಂಟು," ಎಂದಳು ಮಮತಾ, ಪಿಸ್ತಾ ನೋಡಿ. ಸ್ವಲ್ಪ ನಕ್ಕಳು. "ಆದ್ರೆ ಚೌಕದಲ್ಲಿ ಅಷ್ಟು ಜನ ಇದ್ರು, ದೊಡ್ಡಮ್ಮ."

ಬಿ.ಸಿ. ರೋಡ್

ಅಲ್ಲಿಯ ವೋಟಿನ ಕ್ರಮ ಬೇರೆ. ಬಣದ ಚೀಟಿಯಲ್ಲಿ ತಮಗೆ ಬೇಕಾದ ಹೆಸರಿನ ಪಕ್ಕ ಶಿಲುಬೆಯ ಗುರುತು ಹಾಕಬೇಕು. ಯಾವ ಬಣಕ್ಕೆ ಎಷ್ಟು ಎಂದು ಬೇಗ ತಿಳಿಯುತ್ತದೆ. ಯಾರ ಹೆಸರಿಗೆ ಎಷ್ಟು ಗುರುತು ಎಂದು ಎಣಿಸಲು ದಿನಗಳೇ ಬೇಕು. ಆದಿತ್ಯವಾರ ವೋಟು, ಸೋಮವಾರ ನನ್ನ ವಿಮಾನ. ಗೆದ್ದಳೋ ಸೋತಳೋ ತಿಳಿಯದೆ ಹೊರಟೆ. ಎವ್ಡೋಕಿಯಾ ಬಾಗಿಲಲ್ಲಿ ನಿಂತು ನನಗೆ ಮೂರು ಸಲ ಉಗಿದಳು. ನಾನು ಬೆರಳು ಮಡಚಿ ಹರಸಿದೆ.

ಬಿ.ಸಿ. ರೋಡಿನ ನನ್ನ ಫ್ಲ್ಯಾಟಿನಲ್ಲಿ ಕೂತರೂ ಮನಸ್ಸು ಅಲ್ಲೇ. ಮಳೆ ಬಂದರೆ ಆ ಮುಚ್ಚಿದ ಹೊಳೆಯ ಯೋಚನೆ. ಫೋನು ಕೈಬಿಡಲಿಲ್ಲ. ವಾಮದಪದವಿನಿಂದ ಬಸ್ಸಿನಲ್ಲಿ ಬಂದು ನನ್ನ ಅಡುಗೆ ನೋಡಿಕೊಳ್ಳುವ ಲಲಿತ, "ಎಂತಮ್ಮ, ಪಿಯುಸಿ ರಿಸಲ್ಟಾ?" ಎಂದು ತಮಾಷೆ ಮಾಡಿದಳು.

ಒಂದು ಮಧ್ಯಾಹ್ನ, ಅವಳು ಬಸಳೆ ಕೊಯ್ಯುತ್ತಿರುವಾಗ, ವೀಡಿಯೋ ಕಾಲ್ ಬಂತು. ಪರದೆ ತುಂಬ ಎವ್ಡೋಕಿಯಾಳ ಹಣೆ. ಫೋನನ್ನು ಎಲ್ಲಿಗೋ ಒರಗಿಸಿಟ್ಟ ಮೇಲೆ ಮುಖ. ನಗುವಿಲ್ಲ. ಅವಳು ಬಲಗೈ ಎತ್ತಿ, ಐದೂ ಬೆರಳು ಅರಳಿಸಿ, ಅಂಗೈಯನ್ನು ನೇರ ನನ್ನ ಮುಖಕ್ಕೆ ಹಿಡಿದಳು.

ಫೋನನ್ನು ದೂರ ಹಿಡಿದೆ. ಸೋತಳು. ನನ್ನಿಂದಾಗಿ ಸೋತಳು, ಅದಕ್ಕೇ ಈ ಮುದುಕಿ ಸಮುದ್ರದ ಆಚೆಯಿಂದ ಬೂದಿ ಬಳಿಯುತ್ತಿದ್ದಾಳೆ.

ಆಗ ಅವಳ ಎಡಗೈ ಮೇಲೆ ಬಂತು. ಅದರಲ್ಲಿ ದೇವಿಯ ಫೋಟೋ. ಅವಳು ಫೋಟೋ ನೋಡಿದಳು, ತನ್ನ ಬಲಗೈಯನ್ನು ನೋಡಿದಳು, ಹೆಬ್ಬೆರಳನ್ನು ಸ್ವಲ್ಪ ಸರಿಮಾಡಿಕೊಂಡಳು, ಮತ್ತೆ ನನಗೆ ಹಿಡಿದಳು.

ಹಿಂದಿನಿಂದ ಮಮತಾಳ ಕೂಗು: "ದೊಡ್ಡಮ್ಮಾ, ಆಯ್ತು! ಬಂತು! ಕಡೇ ಸೀಟು, ಆದ್ರೂ ಸೀಟು ಸೀಟೇ!"

ಕಣ್ಣು ಒರೆಸಲೂ ಪುರುಸೊತ್ತಿಲ್ಲದೆ ನಾನು ಫೋನನ್ನು ಮುಖದ ಹತ್ತಿರ ತಂದು, "ಥೂ, ಥೂ, ಥೂ!" ಎಂದೆ.

ಲಲಿತಳ ಕೈಯಿಂದ ಬಸಳೆ ಕೆಳಗೆ ಬಿತ್ತು. "ಅಯ್ಯೋ ಅಮ್ಮಾ, ಆ ಅಜ್ಜಿ ನಿಮಗೆ ಎಂತ ಮಾಡಿದ್ರು? ಪಾಪ, ಅಷ್ಟು ಚಂದ ಆಶೀರ್ವಾದ ಮಾಡ್ತಾ ಇದ್ದಾರೆ, ನೀವು ಮುಖಕ್ಕೇ ಉಗಿಯುದಾ!"

ಹೇಳ್ತೇನೆ, ತಾಳು ಎಂದು ಸೆರಗಿನಿಂದ ಫೋನು ಒರೆಸಿದೆ. ಒರೆಸಿದರೂ ಮಬ್ಬು ಹೋಗಲಿಲ್ಲ. ನೋಡಿದರೆ ಅದು ಆಚೆ ಬದಿಯದು, ಎವ್ಡೋಕಿಯಾ ತನ್ನ ಫೋನನ್ನು ಏಪ್ರನ್ನಿನಲ್ಲಿ ಒರೆಸುತ್ತಿದ್ದಳು.